ನದಾಫ ಡಾಕ್ಟರು ಮುಚ್ಚದ ಹಲ್ಲು

ನೂಲಿನಂಥ ಕಾಗದದ ಕಡ್ಡಿಯನ್ನು ಹಲ್ಲಿನ ಬೇರಿನೊಳಗೆ ಇಳಿಸಿ, ಹೊರತೆಗೆದು, ಅಕ್ಕಸಾಲಿಗರು ಬಂಗಾರ ನೋಡುವಂತೆ ಬೆಳಕಿಗೆ ಹಿಡಿದು ನೋಡುತ್ತಿದ್ದರು ಮಾಳಮಡ್ಡಿಯ ದಂತವೈದ್ಯೆ ನದಾಫ ಡಾಕ್ಟರು. ತುದಿ ಒದ್ದೆಯಾಗಿದ್ದರೆ ತೀರ್ಪು ಒಂದೇ: "ಇನ್ನೂ ಕೀವು ಬರಾಕತ್ತೈತಿ. ಇವತ್ತು ಮುಚ್ಚಂಗಿಲ್ಲ. ಮುಂದಿನ ವಾರ ಬರ್ರಿ."

ನಾನು ಲಕಮನಹಳ್ಳಿಯ ಕಾರ್ಖಾನೆಯಲ್ಲಿ ಮಾಲಿನ ಗುಣಮಟ್ಟ ನೋಡುವ ಮಹಾಶಯ. ಎರಡೇ ಭೇಟಿಗೆ ನನ್ನ ನೋವು ನಿಂತಿತ್ತು, ತಂಗಿಯ ಮದುವೆ ಹತ್ತಿರ ಬಂದಿತ್ತು. "ನೋವು ಹೋತಲ್ರಿ ಮೇಡಂ, ಮುಚ್ಚಿಬಿಡ್ರಿ" ಎಂದೆ.

"ನೋವು ಹೋಗೈತ್ರಿ. ಬ್ಯಾಕ್ಟೀರಿಯಾ ಒಳಗ ಆರಾಮ ಅದಾವು. ನಿಮ್ಮ ತಂಗಿ ಮದುವಿ ಐತಂತ ಮನಿ ಖಾಲಿ ಮಾಡ್ತಾವೇನು?"

ಇಷ್ಟು ಒಳ್ಳೆಯ ಮಾತನ್ನು ಕೇಳಿಬಿಟ್ಟರೆ ನನ್ನ ಮಾನ ಉಳಿಯುತ್ತದೆಯೇ? ಬೇರೆಲ್ಲೋ ಹೋಗಿ ಒಂದೇ ತಾಸಿನಲ್ಲಿ ಮುಚ್ಚಿಸಿಕೊಂಡೆ. ಮದುವೆಯ ಪ್ರತಿ ಫೋಟೋದಲ್ಲೂ ಕೆನ್ನೆಯೊಳಗೆ ಇಡೀ ಲಾಡು ಬಚ್ಚಿಟ್ಟುಕೊಂಡವನಂತೆ ನಿಂತಿದ್ದೇನೆ.

ಮರಳಿ ಹೋದಾಗ ಡಾಕ್ಟರು ಬೈಯಲಿಲ್ಲ, ಸ್ವಾಗತಿಸಿದರು. "ಬರ್ರಿ ಬರ್ರಿ. ಒಳಗಿನವಕ್ಕೂ ಮದುವಿ ಮಾಡಿ, ಮಕ್ಕಳು ಮರಿ ಸಹಿತ ಕರಕೊಂಡು ಬಂದೀರಿ."

ಹಲ್ಲು ಮತ್ತೆ ತೆರೆದು ಕೆರೆದರು, ಔಷಧದ ನೀರು ಬಿಟ್ಟರು, ಹೀರಿದರು, ಮತ್ತೆ ಬಿಟ್ಟರು. ಕೆರೆದದ್ದು ಸಾಲದೇ ಎಂದು ತೆರೆದ ಬಾಯಲ್ಲೇ ಹೇಗೋ ಕೇಳಿದೆ.

"ಸೂಜಿ ದೊಡ್ಡ ರಸ್ತೇದಾಗಷ್ಟ ಹೋಗತೈತ್ರಿ. ಬೇರಿನ್ಯಾಗ ನಮ್ಮ ಮಾಳಮಡ್ಡಿ ಹಂಗ ಸಣ್ಣ ಸಣ್ಣ ಓಣಿ ಅದಾವು. ಅಲ್ಲಿ ಅಡಗಿದ್ದನ್ನ ಈ ನೀರ ಕೊಲ್ಲಬೇಕು."

ಮೂರು ವಾರದ ಮೇಲೆ ಮುಚ್ಚಿದರು. ಆ ಹಲ್ಲಿನಲ್ಲಿ ಇಂದಿಗೂ ಹುರಿಗಡಲೆ ತಿನ್ನುತ್ತೇನೆ.

ಕಳೆದ ವರ್ಷ ಮೇಲಿನ ದವಡೆಯ ಹಲ್ಲು ಕೆಟ್ಟಿತು. ಡಾಕ್ಟರು ಅರ್ಧ ತಾಸು ಹುಡುಕಿ ಕೈಚೆಲ್ಲಿದರು. "ಬೇರಿನ್ಯಾಗ ಮೂರು ಓಣಿ, ಅಂದ್ರ ಕೆನಾಲ್, ಸಿಕ್ಕಾವು. ನಾಲ್ಕನೇದು ಸಿಗವಲ್ದು. ಕಣ್ಣು ಮೊದಲಿನಂಗಿಲ್ರಿ."

"ಇರಲಿಕ್ಕಿಲ್ಲ ಬಿಡ್ರಿ. ಮುಚ್ಚಿದ್ರ ಯಾರಿಗೆ ಗೊತ್ತಾಗತೈತಿ?" ಎಂದೆ. ಈ ಸಲ ನನಗೇನೂ ಅವಸರವಿರಲಿಲ್ಲ, ಅವರ ಸೋತ ಮುಖ ನೋಡಲಾಗದೆ ಹಾಗೆಂದೆ.

"ನನಗ ಕಾಣಲಿಲ್ಲ ಅಂದ್ರ ಇಲ್ಲ ಅಂತಲ್ರಿ. ತೊಳೀದ ಬಿಟ್ರ ಮತ್ತ ಅಲ್ಲೇ ಸಂಸಾರ ಹೂಡ್ತಾವು. ಚೀಟಿ ಕೊಡ್ತೇನಿ, ಹುಬ್ಬಳ್ಳಿಗೆ ಹೋಗಿ ತೋರಸ್ರಿ. ನಾಲ್ಕನೇದು ಇರೂದಽ ಇಲ್ಲಂತ ಆಕಿ ಹೇಳಿದ್ರ, ನಾ ಇನ್ನೊಂದೆರಡು ವರ್ಷ ಕೆಲಸ ಮಾಡ್ತೇನಿ."

ಆಕೆಯೆಂದರೆ ಹುಬ್ಬಳ್ಳಿಯಲ್ಲಿ ಮೈಕ್ರೋಸ್ಕೋಪಿನಿಂದ ಹಲ್ಲು ನೋಡುವ ಅವರ ಶಿಷ್ಯೆ. ಚೀಟಿ ಹಿಡಿದು ಹೋದೆ. ಹತ್ತು ನಿಮಿಷದಲ್ಲಿ ನಾಲ್ಕನೆಯದು ಸಿಕ್ಕಿತು.

ಮಾಳಮಡ್ಡಿಗೆ ಬರುವ ದಾರಿಯುದ್ದಕ್ಕೂ 'ಇರಲೇ ಇಲ್ಲವಂತೆ' ಎಂಬ ಸುಳ್ಳನ್ನು ಬಾಯಿಪಾಠ ಮಾಡಿಕೊಂಡೆ. ಡಾಕ್ಟರು ಬಾಗಿಲಲ್ಲೇ ಕಾಯುತ್ತಿದ್ದರು.

"ಸಿಕ್ತೇನ್ರಿ?"

"ಸಿಕ್ತ್ರಿ."

ನಿಧಾನಕ್ಕೆ ತಲೆಯಾಡಿಸಿ ಒಳಗೆ ಹೋದರು. ಸೋಮವಾರದಿಂದ ದವಾಖಾನೆ ತೆರೆಯಲಿಲ್ಲ.