ಉಣ್ಣೆ ಕತ್ತರಿಸಿದ ದಿನ ತಿರುಗಿದ ಗಾಳಿ

ನಿವೃತ್ತಿಗೆ ಹನ್ನೊಂದು ತಿಂಗಳು ಉಳಿದಿದ್ದ ಮೇ ತಿಂಗಳು. ರಾಯದುರ್ಗದ ಹೊರವಲಯದ ಸಣ್ಣ ಹವಾಮಾನ ಕೇಂದ್ರದಲ್ಲಿ ನಾನು ಹಿರಿಯ ವೀಕ್ಷಕ. ಬೆಳಿಗ್ಗೆ ಎಂಟೂವರೆಗೆ, ಸಂಜೆ ಐದೂವರೆಗೆ ಉಪಕರಣಗಳನ್ನು ಓದಿ ಬರೆದಿಡಬೇಕು. ಮೂವತ್ತೆರಡು ವರ್ಷ ಆ ವೇಳೆ ತಪ್ಪಿಸಿರಲಿಲ್ಲ.

ಅಂದು ಒಂಬತ್ತಕ್ಕೆ ಗುಮ್ಮಘಟ್ಟದ ಕುರಿಗಾರ ಹನುಮಂತಪ್ಪ ಫೋನ್ ಮಾಡಿದ. "ಸಾರ್, ಇವತ್ತು ಕುರಿ ಉಣ್ಣಿ ಕತ್ತರಿಸ್ಬೇಕು. ಮಳಿ ಏನಾರ ಐತೇನ್ರಿ?"

ಅದು ಮುಯ್ಯಾಳಿನ ಕೆಲಸ. ನೆಂಟರು ಕತ್ತರಿ ಹಿಡಿದು ಬರುತ್ತಾರೆ, ಅವರ ಸರದಿಗೆ ಇವನು ಹೋಗುತ್ತಾನೆ. ಬಂದವರನ್ನು ಸುಮ್ಮನೆ ವಾಪಸ್ ಕಳಿಸುವಂತಿಲ್ಲ. ಆದರೆ ಆಗಷ್ಟೇ ಉಣ್ಣೆ ತೆಗೆದ ಕುರಿ ಆಲಿಕಲ್ಲು ಮಳೆಗೆ ಸಿಕ್ಕರೆ ಚಳಿಗೇ ಸಾಯುತ್ತದೆ.

ಬೆಳಗಿನ ಹವಾಮಾನ ನಕ್ಷೆ ನೋಡಿದೆ. ಬೇಸಿಗೆಯಲ್ಲಿ ಪಶ್ಚಿಮದ ಒಣಗಾಳಿಯೂ ಬಂಗಾಳಕೊಲ್ಲಿಯ ತೇವದ ಗಾಳಿಯೂ ಎದುರಾಗುವ ಕಡೆ ನಕ್ಷೆಯಲ್ಲಿ ಗೆರೆ ಎಳೆಯುತ್ತೇವೆ. ಗುಡುಗು ಮಳೆ ಹುಟ್ಟುವುದು ಅದರ ಆಸುಪಾಸಿನಲ್ಲಿ. ಗೆರೆ ಕಡಪದ ಆಚೆಗಿತ್ತು, ನಾವು ಒಣ ಬದಿಗೆ. "ಕತ್ತರಿಸಪ್ಪ, ಏನೂ ಇಲ್ಲ" ಎಂದೆ.

ಊಟ ಮುಗಿಸಿ ಅಂಗಳಕ್ಕೆ ಬಂದರೆ ಬೆವರು ಆರುತ್ತಿಲ್ಲ. ವೇಳೆಯಲ್ಲದಿದ್ದರೂ ಉಪಕರಣದ ಪೆಟ್ಟಿಗೆ ತೆರೆದೆ. ಒಣ ಥರ್ಮಾಮೀಟರಿಗೂ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೂ ಮಧ್ಯಾಹ್ನ ಹಿಗ್ಗಬೇಕಾದ ಅಂತರ ಕುಗ್ಗಿತ್ತು. ಅಂದರೆ ಗಾಳಿಗೆ ತೇವ ಸೇರಿತ್ತು. ಗಾಳಿ ಬರುವ ದಿಕ್ಕು ತೋರಿಸುವ ಬಾಣ ಕೊಲ್ಲಿಯ ಕಡೆಗೆ, ಆಗ್ನೇಯಕ್ಕೆ ತಿರುಗಿತ್ತು. ಗೆರೆ ನಮ್ಮ ಮೇಲೆಯೇ ಬಂದು ನಿಂತಿತ್ತು!

ಹನುಮಂತಪ್ಪ ಫೋನ್ ಎತ್ತಲಿಲ್ಲ. ಕಚೇರಿ ಬಿಡುತ್ತಿರುವ ಕಾರಣವನ್ನು ರಿಜಿಸ್ಟರಿನಲ್ಲಿ ಬರೆದು ಸ್ಕೂಟರ್ ಹತ್ತಿದೆ. ಅವನ ಹೊಲ ಮುಟ್ಟಿದಾಗ ನೂರ ನಲವತ್ತು ಕುರಿಗಳಲ್ಲಿ ಅರ್ಧದಷ್ಟು ಬೋಳಾಗಿದ್ದವು. ನೆತ್ತಿಯ ಮೇಲೆ ಸುಡುಬಿಸಿಲು; ಆಗ್ನೇಯದಲ್ಲಿ ಮಾತ್ರ ಹೂಕೋಸಿನಂಥ ಮೋಡ.

"ಕತ್ತರಿ ಕೆಳಗ ಇಡ್ರಿ! ಕುರಿ ಒಳಗ ಹಾಕ್ರಿ!"

"ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಯಾಕ್ರಿ ಸಾರ್, ನಿಮ್ ಮಷೀನಿಗೂ ಬಿಸ್ಲು ಬಡದೈತೇನ್ರಿ?" ಎಂದ ಹನುಮಂತಪ್ಪ. ನೆಂಟರೆಲ್ಲ ನಕ್ಕರು.

"ಮಷೀನು ಸರಿ ಐತಿ. ತಪ್ಪು ಹೇಳಿದವ ನಾನು."

ನಗು ನಿಂತಿತು. ಹನುಮಂತಪ್ಪ ವಾಡಿಕೆಯಂತೆ ಮಂದೆಯನ್ನು ಹುಣಸೆಮರದ ಕೆಳಗೆ ಹೊಡೆಯಹೊರಟ. ಸಿಡಿಲು ಮೊದಲು ಎರಗುವುದೇ ಅಲ್ಲಿ ಎಂದು ತಡೆದೆ. ಹತ್ತಿರ ಇದ್ದ ಸೂರೆಂದರೆ ಬಸವರಾಜನ ಜೀನ್ಸ್ ಹೊಲಿಯುವ ಶೆಡ್ ಒಂದೇ. ಅವನು ಬಾಗಿಲಿಗೆ ಅಡ್ಡ ನಿಂತ.

"ಪ್ಯಾಂಟಿಗೆ ಕುರಿ ವಾಸ್ನಿ ಹತ್ತಿದ್ರ ಯಾರ್ ತಗೊಂತಾರ್ರಿ?"

ಹನುಮಂತಪ್ಪನ ಹೆಂಡತಿ ಸುಂಕಮ್ಮ ಅವನನ್ನು ಪಕ್ಕಕ್ಕೆ ಸರಿಸಿಯೇ ಬಿಟ್ಟಳು. "ಪ್ಯಾಂಟ್ ಒಗೆದ್ರ ವಾಸ್ನಿ ಹೋಗ್ತದ ಬಸಣ್ಣ. ಕುರಿ ಸತ್ರ ತಿರುಗಿ ಬರ್ತಾವೇನು?"

ಕೊನೆಯ ಕುರಿ ಒಳಹೊಕ್ಕು ಹತ್ತು ನಿಮಿಷಕ್ಕೆ ತಣ್ಣನೆ ಗಾಳಿ ನುಗ್ಗಿತು. ಮೋಡದೊಳಗೆ ತಂಪಾದ ಗಾಳಿ ನೆಲಕ್ಕೆ ಬಿದ್ದು ಮಳೆಗಿಂತ ಮುಂದಾಗಿ ಹರಡುತ್ತದೆ. ಅದರ ಅಂಚಿಗೆ ಗಸ್ಟ್ ಫ್ರಂಟ್ ಎನ್ನುತ್ತಾರೆ. ಹಿಂದೆಯೇ ಆಲಿಕಲ್ಲು ಸುರಿದು ತಗಡಿನ ಸದ್ದಿಗೆ ಮಾತು ಕೇಳದಾಯಿತು. ಹುಣಸೆಮರಕ್ಕೆ ಸಿಡಿಲು ಬಡಿದು ದೊಡ್ಡ ಕೊಂಬೆ ಸೀಳಿ ಬಿತ್ತು.

ಮಳೆ ನಿಂತ ಮೇಲೆ ಸುಂಕಮ್ಮ ಬಾಗಿಲಲ್ಲಿ ನಿಂತು ಎರಡು ಸಲ ಎಣಿಸಿದಳು. ನೂರ ನಲವತ್ತೂ ಇದ್ದವು. ಬಸವರಾಜ ಒಂದು ಪ್ಯಾಂಟು ಮೂಸಿ ನನ್ನ ಕೈಗಿಟ್ಟ. "ಇದನ್ನ ನೀವೇ ಹಾಕ್ಕೊಳ್ರಿ ಸಾರ್."

ಸರಿಯಾದ ಹೊತ್ತಿಗೆ ಓದುವುದಷ್ಟೇ ನನ್ನ ಕೆಲಸ ಎಂದುಕೊಂಡಿದ್ದೆ. ನಕ್ಷೆ ಒಂದು ಹೊತ್ತಿನದು. ಅದನ್ನು ನಂಬಿ ಕತ್ತರಿ ಹಿಡಿದವರಿಗೆ ಇಡೀ ದಿನ ಬಾಕಿ ಇರುತ್ತದೆ. ಮರುದಿನದಿಂದ, ಬೆಳಿಗ್ಗೆ ನನ್ನನ್ನು ಕೇಳಿದವರಿಗೆಲ್ಲ ಮಧ್ಯಾಹ್ನ ಎರಡಕ್ಕೆ ನಾನೇ ಫೋನ್ ಮಾಡಿದೆ. ನಿವೃತ್ತಿಯ ದಿನವೂ ಮಾಡಿದೆ.