ಪೂಜೆಗೆ ಕುಳಿತ ಪ್ರತಿಕಾಯ

ದಸರಾ ರಜೆ ಮುಗಿಸಿ ಪ್ರಯೋಗಾಲಯಕ್ಕೆ ಹೋದಾಗ, ಆಯುಧಪೂಜೆಯ ಬಾಡಿದ ಹೂಗಳ ನಡುವೆ ನನ್ನ ಪ್ರತಿಕಾಯದ ಪುಟ್ಟ ಸೀಸೆ ಕುಂಕುಮ ಹಚ್ಚಿಸಿಕೊಂಡು ನಿಂತಿತ್ತು. ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳ ಮೇಲೆ ಗ್ರಾಹಕ, ಅಂದರೆ ರಿಸೆಪ್ಟರ್, ಎಂಬ ಒಂದು ಪುಟ್ಟ ಕೊಂಡಿಯಿದೆ. ಹೊಳೆಯುವ ಬಣ್ಣ ಬೆಸೆದ ಈ ಪ್ರತಿಕಾಯ, ಅಂದರೆ ಆಂಟಿಬಾಡಿ, ಅದಕ್ಕೆ ಅಂಟಿಕೊಂಡು ಯಂತ್ರದೊಳಗೆ ಹೊಳೆಯುತ್ತದೆ. ಅದನ್ನು ಫ್ರಿಜ್ಜಿನ ಕತ್ತಲಲ್ಲೇ ಇಡಬೇಕು. ರಜೆಯುದ್ದಕ್ಕೂ ಅದು ಕಿಟಕಿಯ ಬಿಸಿಲಲ್ಲಿತ್ತು.

“ದುಬಾರಿ ಸಾಮಾನು, ಅದಕ್ಕೂ ಒಂದು ಪೂಜೆ ಆಗ್ಲಿ ಅಂತ ಇಟ್ಟೆ ಕಣಮ್ಮ. ಒಳಗಿಡೋದು ಮರ್ತ್ಬುಟ್ಟೆ,” ಎಂದರು ನಮ್ಮ ಹಿರಿಯ ತಂತ್ರಜ್ಞೆ.

“ಬುಡಿ ಅಕ್ಕ, ಕುಂಕುಮ ಬಿದ್ದಿದೆಯಲ್ಲ, ಇನ್ನೂ ಚೆನ್ನಾಗಿ ಹೊಳೆಯುತ್ತೆ,” ಎಂದು ಸಹಪಾಠಿ ನಕ್ಕ.

ಮರುದಿನ ಬೆಳಿಗ್ಗೆ ಸಂಧಿವಾತದ ರೋಗಿಗಳು ನನ್ನ ಅಧ್ಯಯನಕ್ಕೆ ರಕ್ತ ಕೊಡಲು ಆಸ್ಪತ್ರೆಗೆ ಬರುವವರಿದ್ದರು. ಅವರನ್ನು ಒಪ್ಪಿಸಲು ನಾನು ತಿಂಗಳುಗಟ್ಟಲೆ ಓಡಾಡಿದ್ದೆ.

“ಇದರಲ್ಲೇ ಮಾಡಿ ನೋಡಿ. ಅವರನ್ನ ಮತ್ತೆ ಕರೆಸೋದು ಕಷ್ಟ,” ಎಂದರು ನನ್ನ ಸಂಶೋಧನೆಯ ಮಾರ್ಗದರ್ಶಕರು.

“ಹೊಳೀದಿದ್ರೆ ಗ್ರಾಹಕ ಇಲ್ವೋ, ಪ್ರತಿಕಾಯ ಕೆಟ್ಟಿದೆಯೋ ಗೊತ್ತಾಗಲ್ಲ ಸರ್. ಮೊದ್ಲು ನನ್ನ ರಕ್ತದಲ್ಲಿ ನೋಡ್ತೀನಿ,” ಎಂದೆ. ಆರೋಗ್ಯವಂತರ ರಕ್ತದಲ್ಲಿ ಆ ಗ್ರಾಹಕ ಇದ್ದೇ ಇರುತ್ತದೆ.

ತಂತ್ರಜ್ಞೆಯೇ ನನ್ನ ತೋಳಿಗೆ ಪಟ್ಟಿ ಬಿಗಿದು ರಕ್ತ ತೆಗೆದರು. ಮಧ್ಯಾಹ್ನ ಅವರು, ಮಾರ್ಗದರ್ಶಕರು, ನಾನು ಮೂವರೂ ಯಂತ್ರದ ಪರದೆಯ ಮುಂದೆ ಕುಳಿತೆವು. ಪ್ರತಿಕಾಯ ಹಾಕಿದ ರಕ್ತಕ್ಕೂ ಹಾಕದ ರಕ್ತಕ್ಕೂ ಗೆರೆಯಲ್ಲಿ ವ್ಯತ್ಯಾಸವೇ ಇರಲಿಲ್ಲ. ಮಾರ್ಗದರ್ಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ನಾನು ಆಸ್ಪತ್ರೆಯ ವೈದ್ಯರಿಗೆ ಫೋನ್ ಮಾಡಿದೆ. “ನಾಳೆ ಯಾರಿಗೂ ಸೂಜಿ ಚುಚ್ಚಬೇಡಿ ಡಾಕ್ಟ್ರೇ. ಹೊಸ ಸೀಸೆ ತರಿಸ್ತೀನಿ. ಅದು ನನ್ನ ರಕ್ತದಲ್ಲಿ ಹೊಳೆದ ಮೇಲೆ ಒಬ್ಬೊಬ್ಬರ ಮನೆಗೂ ನಾನೇ ಹೋಗಿ ಮತ್ತೆ ಕೇಳ್ತೀನಿ.”