ಬಕೆಟ್ಟಿನೊಳಗಿನ ಚಪ್ಪಲಿಗಳು

ಜಿಪ್ಸಮ್ ಹಲಗೆ ಕೊಯ್ಯುವಾಗ ಏಳುವ ಬಿಳಿ ಪುಡಿಗೆ ಒಂದು ವಾಸನೆ ಇದೆ, ಒದ್ದೆ ಸುಣ್ಣಕ್ಕೂ ಹಳೆಯ ಪುಸ್ತಕಕ್ಕೂ ನಡುವಿನದು. ಕಳೆದ ಚಳಿಗಾಲದಲ್ಲಿ ನನ್ನ ಕಾದಂಬರಿಯ ಭಾಗಗಳನ್ನು ಒಂದು ಕಾರ್ಯಕ್ರಮದಲ್ಲಿ ಓದಲೆಂದು ಟೊರಾಂಟೊದಿಂದ ದುಬೈಗೆ ಬಂದಾಗ, ಹೋಟೆಲಿನಲ್ಲಿ ನನ್ನ ಕೋಣೆಯ ಪಕ್ಕದಲ್ಲೇ ಯಾರೋ ಗೋಡೆ ಕೊಯ್ಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಬಗ್ಗಿ ಕಾಲಿನ ಚಪ್ಪಲಿ ತೆಗೆಯಿತು. ನಲವತ್ತು ದಾಟಿದ ಹೆಂಗಸು, ಕೆನಡಾದ ಲೇಖಕಿ ಎಂದು ಆಮಂತ್ರಣದಲ್ಲಿ ಅಚ್ಚು ಹಾಕಿಸಿಕೊಂಡವಳು, ಎರಡು ಚಪ್ಪಲಿ ಕೈಯಲ್ಲಿ ಹಿಡಿದು ಅವನ್ನು ಹಾಕಲು ಬಕೆಟ್ ಹುಡುಕುತ್ತಿದ್ದೆ.

ಈಗ ಇಲ್ಲದ ಮನೆಯೊಂದು ನಿಮಗೂ ಇದ್ದೀತು. ನಮ್ಮದು ದುಬೈಯ ಅಲ್ ಮುರಕ್ಕಬಾತ್ ಬಡಾವಣೆಯ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಕೆಳಗೆ ಹೋಟೆಲುಗಳು, ಇಡೀ ದಿನ ಸುಟ್ಟ ಮಾಂಸದ ಪರಿಮಳ. ಫ್ಲ್ಯಾಟು ಪಪ್ಪನ ಹೆಸರಿನಲ್ಲಿತ್ತು. ಹಾಲ್ ಎನ್ನುವ ದೊಡ್ಡ ಕೋಣೆಯನ್ನು ಅರ್ಧಕ್ಕೆ ಜಿಪ್ಸಮ್ ಗೋಡೆ ಸೀಳಿತ್ತು; ಅದರಾಚೆ ಹಮೀದ್ ಅಂಕಲ್ ಮತ್ತು ಅವರ ಹೆಂಡತಿ ಜಮೀಲಕ್ಕ. ಅವರು ಬಂಟ್ವಾಳದ ಕಡೆಯ ಬ್ಯಾರಿ ಮುಸ್ಲಿಮರು, ನಾವು ಕೊಂಕಣಿ ಮಾತಾಡುವ ಮಂಗಳೂರಿನ ಕ್ರಿಶ್ಚಿಯನ್ನರು. ಕನ್ನಡ ನನಗೆ ಮನೆಯಿಂದ ಬಂದದ್ದಲ್ಲ, ಆ ಗೋಡೆಯಾಚೆಯಿಂದ ಬಂದದ್ದು. ಊರಿಂದ ಒಣಮೀನು ಸುತ್ತಿ ಬಂದ ಕನ್ನಡ ಪೇಪರನ್ನು ಜಮೀಲಕ್ಕ ಅಂಗೈಯಿಂದ ಒತ್ತಿ ಒತ್ತಿ ನೀಟಾಗಿಸಿ, ಪತ್ತಿರ್ ರೊಟ್ಟಿ ತಟ್ಟುತ್ತಲೇ ನನ್ನಿಂದ ಅಕ್ಷರ ಓದಿಸುತ್ತಿದ್ದಳು. ಇವತ್ತಿಗೂ ಕನ್ನಡದ ‘ಳ’ ಕಂಡರೆ ನನಗೆ ಒಣಮೀನಿನ ವಾಸನೆ ಬರುತ್ತದೆ, ನಗಬೇಡಿ.

ಹಾಗೆ ಗೋಡೆ ಹಾಕಿ ಎರಡು ಸಂಸಾರ ಇರುವುದು ಕಾನೂನಿಗೆ ಒಪ್ಪಿಗೆಯಿರಲಿಲ್ಲ. ಆದ್ದರಿಂದ ಮನೆಗೊಂದು ಶಿಸ್ತಿತ್ತು. ಬಾಗಿಲ ಹೊರಗೆ ನಮ್ಮ ಮೂರು ಜೊತೆ ಚಪ್ಪಲಿ ಮಾತ್ರ ಇರಬೇಕು, ಉಳಿದವನ್ನು ಎತ್ತಿ ಒಳಗೆ ನೀಲಿ ಬಕೆಟ್ಟಿಗೆ ಹಾಕುವುದು ನನ್ನ ಕೆಲಸ. ಬೆಲ್ ಆದರೆ ಗೋಡೆಯಾಚೆ ರೇಡಿಯೊ ನಿಲ್ಲಬೇಕು, ಕೆಮ್ಮು ಬಂದರೆ ದಿಂಬಿನೊಳಗೆ. ಮಮ್ಮಿ ಬಾಗಿಲು ತೆರೆಯುವ ಮೊದಲು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು. ಬಂದವನು ಗ್ಯಾಸ್ ಸಿಲಿಂಡರಿನವನೇ ಆದರೂ ಅವನು ಲಿಫ್ಟು ಹತ್ತುವವರೆಗೆ ನಾವ್ಯಾರೂ ಉಸಿರು ಬಿಡುತ್ತಿರಲಿಲ್ಲ. ಆ ಕೋಣೆ ಹೋದರೆ ಬೇರೆ ಮನೆ ಹಿಡಿಯುವ ಶಕ್ತಿ ಹಮೀದ್ ಅಂಕಲಿಗಿಲ್ಲ, ಮನೆಯಿಲ್ಲದಿದ್ದರೆ ಜಮೀಲಕ್ಕ ಊರಿಗೆ ವಾಪಸ್. ಮದುವೆಯಾಗಿ ಆರು ವರ್ಷವಾಗಿತ್ತು. ಅವರಿಬ್ಬರೂ ಒಟ್ಟಿಗಿದ್ದದ್ದು ಆ ಕೋಣೆಯಲ್ಲಿ ಮಾತ್ರ, ಅದೂ ಹದಿನೈದು ತಿಂಗಳು.

ಐದನೆಯ ಕ್ಲಾಸಿನಲ್ಲಿ ‘ನನ್ನ ಮನೆ’ ಎಂಬ ಪ್ರಬಂಧ ಬರೆಸಿದರು. ನಾನು ಇಂಗ್ಲಿಷಿನಲ್ಲಿ ಎಲ್ಲವನ್ನೂ ಬರೆದೆ: ಗೋಡೆ, ಬಕೆಟ್ಟು, ದಿಂಬಿನೊಳಗಿನ ಕೆಮ್ಮು. ಕೊನೆಗೆ ಮನೆಯ ನಕ್ಷೆಯನ್ನೂ ಬಿಡಿಸಿ ಬಣ್ಣ ತುಂಬಿದೆ. ಮೊದಲ ಬಹುಮಾನ ಬಂತು. ತಂದೆತಾಯಂದಿರ ದಿನದಂದು ಅದನ್ನು ಗೋಡೆಗೆ ಹಚ್ಚಿದರು. ನಮ್ಮ ಕಟ್ಟಡ ನೋಡಿಕೊಳ್ಳುವ ಕಚೇರಿಯ ಮ್ಯಾನೇಜರನ ಮಗಳು ನನ್ನದೇ ಕ್ಲಾಸಿನವಳು. ಅವಳಪ್ಪ ನನ್ನ ಪ್ರಬಂಧದ ಮುಂದೆ ಬಹಳ ಹೊತ್ತು ನಿಂತಿದ್ದ. ನಾನು ದೂರದಿಂದ ನೋಡಿ ಹೆಮ್ಮೆಯಿಂದ ಉಬ್ಬಿಹೋದೆ.

ನಾಲ್ಕನೆಯ ದಿನ ಬೆಲ್ ಆಯಿತು. ಕಟ್ಟಡದ ಕಚೇರಿಯಿಂದ ಬಂದವರು ಬಾಗಿಲಲ್ಲಿ ನಿಲ್ಲಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ಸೀದಾ ಹೋಗಿ ನೀಲಿ ಬಕೆಟ್ಟಿನ ಮುಚ್ಚಳ ತೆಗೆದರು. ಬಕೆಟ್ಟಿನ ವಿಷಯ ಇದ್ದದ್ದು ನನ್ನ ಪ್ರಬಂಧದಲ್ಲಿ ಮಾತ್ರ; ಆ ಕ್ಷಣವೇ ನನಗೆ ಗೊತ್ತಾಯಿತು. ಮರುದಿನ ಬೆಳಿಗ್ಗೆಯೇ ಗೋಡೆ ಕೊಯ್ಯಲು ಆಳುಗಳು ಬಂದರು, ಬಿಳಿ ಪುಡಿ ನಮ್ಮ ಅನ್ನದ ಪಾತ್ರೆಯವರೆಗೂ ಬಂತು.

ಆ ಗೋಡೆ ತೆಳುವಾಗಿತ್ತು, ಮಾತೆಲ್ಲ ಆಚೆ ಕೇಳುತ್ತಿತ್ತು. ಊರಿಂದ ಅಜ್ಜಿ ಬರುವಾಗಲಾದರೂ ಹಾಲ್ ಪೂರ್ತಿ ನಮಗೇ ಇದ್ದಿದ್ದರೆ ಎಂದು ಮಮ್ಮಿ ಯಾವಾಗಲೋ ಅಂದದ್ದು ಹಮೀದ್ ಅಂಕಲಿನ ಕಿವಿಗೆ ಬಿದ್ದಿತ್ತು. ದೂರು ಕೊಟ್ಟವಳು ಮಮ್ಮಿಯೇ ಎಂದು ಅವರು ಅವಳ ಮುಖದ ಮೇಲೆಯೇ ಹೇಳಿದರು. ಮಮ್ಮಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಜಮೀಲಕ್ಕ ಊರಿಗೆ ಹೋದಳು. ಊರಿನವರ ನಡುವೆ ಮಮ್ಮಿಗೆ ‘ಮನೆ ಮುರಿದವಳು’ ಎಂಬ ಹೆಸರು ಅಂಟಿತು. ಅದೇ ವಾರ ಮಮ್ಮಿ ನನಗೊಂದು ದಪ್ಪ ನೋಟುಪುಸ್ತಕ ತಂದುಕೊಟ್ಟು, ಇನ್ನು ಮುಂದೆ ಏನು ಬರೆದರೂ ಮೊದಲು ನನಗೆ ತೋರಿಸು ಎಂದಳು. ಅಕ್ಷರ ತಿದ್ದಲು ಇರಬೇಕು ಅಂದುಕೊಂಡೆ. ಕೆಲವು ಕಾಲ ತೋರಿಸಿದೆ, ಆಮೇಲೆ ಬಿಟ್ಟೆ.

ಕೆನಡಾಕ್ಕೆ ಹೋದೆ, ಇಂಗ್ಲಿಷಿನಲ್ಲಿ ಕಥೆ ಬರೆದೆ, ಹೆಸರೂ ಬಂತು. ಮೊದಲ ಕಾದಂಬರಿಯಲ್ಲಿ ಆ ಮನೆಯೇ ಇತ್ತು. ಆದರೆ ಅದರಲ್ಲಿ ದೂರು ಕೊಡುವವಳು ಗೋಡೆಯೀಚೆಯ ಮನೆಯೊಡತಿ, ಮಮ್ಮಿಯಂಥವಳು. ಕಥೆಗೆ ಹಾಗೆಯೇ ಚೆಂದ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿಕೆ. ಕೇಳಿದವರಿಗೆಲ್ಲ ಇದು ಬರೀ ಕಲ್ಪನೆ ಅಂದೆ. ಮಮ್ಮಿ ಕನ್ನಡಕ ಹಾಕಿ ಒಂದು ತಿಂಗಳು ಅದನ್ನು ಓದಿದಳು. ಚೆನ್ನಾಗಿ ಬರೆದಿದ್ದೀ ಎಂದು ಹೇಳಿ, ಪುಸ್ತಕವನ್ನು ಪ್ರಾರ್ಥನೆಯ ಮೇಜಿನ ಮೇಲಿಟ್ಟಳು. ಎರಡು ವರ್ಷದ ಹಿಂದೆ ತೀರಿಕೊಂಡಳು.

ಹೋಟೆಲಿನಲ್ಲಿ ಆ ವಾಸನೆ ಬಂದ ದಿನವೇ, ಕಾರ್ಯಕ್ರಮದ ಸುದ್ದಿ ಓದಿದ ಜಮೀಲಕ್ಕನ ಮಗಳ ಸಂದೇಶ ಬಂತು. ಅವಳು ಅಲ್ ಐನ್ ಎಂಬ ಊರಿನಲ್ಲಿ ನರ್ಸು. ಉಮ್ಮ ತನ್ನ ಜೊತೆಗಿದ್ದಾಳೆ, ನಿಮ್ಮನ್ನು ನೋಡಬೇಕಂತೆ ಎಂದಿತ್ತು. ಬಸ್ಸಿನಲ್ಲಿ ಹೋಗುವಾಗ ಎರಡು ಗಂಟೆಯೂ ಹೇಳಬೇಕಾದ ಒಂದೇ ವಾಕ್ಯವನ್ನು ತಿದ್ದುತ್ತಿದ್ದೆ. ಹಮೀದ್ ಅಂಕಲ್ ಈಗಿಲ್ಲ ಎಂದು ಅಲ್ಲಿ ಹೋದ ಮೇಲೆ ತಿಳಿಯಿತು. ಜಮೀಲಕ್ಕ ಸಣ್ಣಗಾಗಿದ್ದಳು. ಕೂರುವ ಮೊದಲೇ ನಾನು ಹೇಳಿಬಿಟ್ಟೆ, ಆ ಗೋಡೆ ಬಿದ್ದದ್ದು ನನ್ನಿಂದ ಎಂದು.

“ಗೊತ್ತುಂಟು ಮಗಾ,” ಎಂದಳು. “ಶಾಲೆಗೆ ಕೊಡುವ ಮೊದ್ಲು ನೀನು ಅದನ್ನು ಕನ್ನಡದಲ್ಲಿ ನಂಗೇ ಓದಿ ಹೇಳಿದ್ದಲ್ವಾ? ಬಕೆಟ್ಟಿನ ವಿಷಯ ಕೇಳಿ ನಾನು ನಗಾಡಿದ್ದು. ಕೊಡ್ಬೇಡ ಅಂತ ಹೇಳ್ಲಿಕ್ಕೆ ನಂಗೂ ಹೊಳೀಲಿಲ್ಲ.”

ನನಗೆ ಅದು ನೆನಪೇ ಇರಲಿಲ್ಲ. ಹಾಗಾದರೆ ಮಮ್ಮಿಗೆ ಗೊತ್ತಿತ್ತೇ ಎಂದೆ.

“ಐರಿನಕ್ಕನಿಗೂ ಗೊತ್ತಿತ್ತು. ಹೋಗುವ ದಿನ ನಾನು ಹೇಳಿದೆ, ನಮ್ಮ ಇವರಿಗೆ ನಿಜ ಹೇಳುವಾ ಅಂತ. ಬೇಡ ಅಂದ್ರು. ಮಗುವಿನ ಹೆಸ್ರು ಬಂದ್ರೆ ಅವಳು ಮತ್ತೆ ಒಂದಕ್ಷರ ಬರೀಲಿಕ್ಕಿಲ್ಲ, ನನ್ನ ಮೇಲೇ ಇರ್ಲಿ ಅಂದ್ರು.”

ಆಮೇಲೆ ಅವಳು ಚಹಾ ತಂದಳು, ಪತ್ತಿರ್ ತಂದಳು. ನಾನು ತಿಂದೆ. ಹೊರಡುವಾಗ, ನಿನ್ನ ಇಂಗ್ಲಿಷ್ ಪುಸ್ತಕ ನನಗೆ ಓದಲಿಕ್ಕಾಗುವುದಿಲ್ಲ, ಕನ್ನಡದಲ್ಲಿ ಏನಾದರೂ ಬರೆದು ಕಳಿಸು ಎಂದಳು. ಹಾಗಾಗಿ ಇದನ್ನು ಬರೆದೆ, ಅವಳು ಕಲಿಸಿದ ಅಕ್ಷರದಲ್ಲಿ, ಯಾರ ಮೇಲೂ ಹೊರಿಸದೆ. ಕಾಗದಗಳನ್ನು ಜೋಡಿಸಿ, ಎಷ್ಟೋ ವರ್ಷಗಳ ನಂತರ, ಮೊದಲು ಮಮ್ಮಿಗೆ ತೋರಿಸಬೇಕೆಂದು ಎದ್ದು ನಿಂತೆ.